ಬಾಯಿ ಮುಚ್ಚಿದ ಫೋಟೊ

“ಬಾಯಿ ಮುಚ್ಚು,” ಎಂದ ಹೆಮೆದಿ, ಕ್ಯಾಮೆರಾದಿಂದ ತಲೆ ಎತ್ತದೆಯೇ. ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ ರೇಗಿತು. ಇದನ್ನು ಹೇಳಿ ಹೇಳಿ ಅವನ ನಾಲಿಗೆ ಸವೆದುಹೋಗಿತ್ತು. ಊಟಕ್ಕೆ ಕೂತರೆ ಬಾಯಿ ಮುಚ್ಚು, ಸೈಕಲ್ಲಿನ ಹಿಂದೆ ಕೂತರೆ ಬಾಯಿ ಮುಚ್ಚು, ನೆಂಟರು ಬಂದರೆ ಅವರು ಅಂಗಳ ದಾಟುವ ಮೊದಲೇ ಬಾಯಿ ಮುಚ್ಚು. ವಾಚಾಳಿ ಮಗುವಿಗೆ ಹೇಳಿದರೆ ಆ ಮಾತಿಗೊಂದು ಅರ್ಥವಿರುತ್ತದೆ. ಚೌಸಿಕು ಮಾತೇ ಆಡುವವಳಲ್ಲ. ಒಂಬತ್ತು ವರ್ಷದ ಹುಡುಗಿ, ಶಾಲೆಯ ಬಿಳಿ ಅಂಗಿ ತೊಟ್ಟು, ನೀಲಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತು, ಯಾರೋ ಕರೆದು ಮರೆತುಬಿಟ್ಟವಳ ಹಾಗೆ ಬಾಯಿ ತೆರೆದುಕೊಂಡಿದ್ದಳು. ಅವನು ಹೇಳಿದ ತಕ್ಷಣ ಮುಚ್ಚಿದಳು. ದೀಪದ ಕೊಡೆಯನ್ನು ಕೊಂಚ ಎಡಕ್ಕೆ ತಿರುಗಿಸಿ ಅವನು ಮರಳುವಷ್ಟರಲ್ಲಿ ಅದು ಮತ್ತೆ ತೆರೆದಿತ್ತು. ಸಮುದ್ರದ ಕಡೆಯಿಂದ ಜುಲೈ ತಿಂಗಳ ತಣ್ಣನೆ ಗಾಳಿ ಬೀಸುತ್ತಿತ್ತು. ಬಟ್ಟೆ ಅಲುಗಬಾರದೆಂದು ಕಿಟಕಿ ಮುಚ್ಚಿದ್ದ. ಮುಚ್ಚಿದ ಮೇಲೆ ಬೀದಿಯ ಸೈಕಲ್ ಗಂಟೆಗಳೆಲ್ಲ ದೂರವಾಗಿ ಆ ಸಣ್ಣ ಕೋಣೆಯಲ್ಲಿ ಅವಳ ಉಸಿರಿನ ಸದ್ದೊಂದೇ ಉಳಿದಿತ್ತು. ಒದ್ದೆ ಬಟ್ಟೆಯನ್ನು ಯಾರೋ ನಿಧಾನವಾಗಿ ಎಳೆದ ಹಾಗೆ, ಮತ್ತೆ ಬಿಟ್ಟ ಹಾಗೆ. ರಾತ್ರಿ ತೆಳ್ಳನೆ ಗೋಡೆಯಾಚೆಯಿಂದಲೂ ಅದು ಕೇಳಿಸುತ್ತಿತ್ತು. ಆ ಸದ್ದು ಇದ್ದರೂ ನಿದ್ದೆ ಬರದು, ನಿಂತರೂ ಬರದು.

ಸೋಮವಾರದೊಳಗೆ ಫೋಟೊ ಕೊಡಬೇಕಿತ್ತು. ನಾಲ್ಕನೇ ತರಗತಿಯ ಪರೀಕ್ಷೆಗೆ ಹೆಸರು ಕಳಿಸಲು ಎಲ್ಲ ಮಕ್ಕಳದ್ದೂ ಪಾಸ್‌ಪೋರ್ಟ್ ಸೈಜಿನದು, ಹಿಂದೆ ನೀಲಿ, ಬಾಯಿ ಮುಚ್ಚಿರಬೇಕು. ಆ ಶಾಲೆಯ ಮಕ್ಕಳ ಫೋಟೊ ತೆಗೆದುಕೊಟ್ಟವನು ಹೆಮೆದಿಯೇ. ಅವರ ಕೇರಿಯಾದ ನ್ಗಾಮಿಯಾನಿಯ ಬೀದಿಗಳಲ್ಲಿ ಫೋನು ಇಲ್ಲದವರು ಯಾರೂ ಇಲ್ಲದ ಈ ಕಾಲದಲ್ಲಿ ಸ್ಟುಡಿಯೊ ಅಂತ ಇನ್ನೂ ಬಾಗಿಲು ತೆರೆಯುವುದು ಇಂಥ ಫೋಟೊಗಳ ದಯೆಯಿಂದ. ಒಂದು ಬೆಳಿಗ್ಗೆಯಲ್ಲಿ ಇಡೀ ತರಗತಿಯ ಬಾಯಿ ಮುಚ್ಚಿಸಿದವನು ತನ್ನ ಮಗಳದ್ದನ್ನು ಮಾತ್ರ ಮುಚ್ಚಿಸಲಾಗದೆ, ಅವಳದ್ದನ್ನು ಮನೆಯಲ್ಲಿ ತೆಗೆಯುತ್ತೇನೆಂದು ಹೇಳಿ ಬಂದಿದ್ದ. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಮಾಡಬಾರದ ಕೆಲಸ ಮಾಡಿದ್ದ. ಅವಳು ನಾಲ್ಕು ವರ್ಷದವಳಿದ್ದಾಗಿನ ಈದ್ ಫೋಟೊ ತೆಗೆದು, ಅದರಲ್ಲಿ ಹೇಗೋ ಕೂಡಿಕೊಂಡಿದ್ದ ತುಟಿಗಳನ್ನು ಕತ್ತರಿಸಿ ಈಗಿನ ಮುಖಕ್ಕೆ ಅಂಟಿಸಿದ. ಅಂಟಿಸಿದರೆ ಗದ್ದ ಹೊಂದಲಿಲ್ಲ, ಗದ್ದವನ್ನು ಸ್ವಲ್ಪ ಮುಂದಕ್ಕೆ ಎಳೆದ. ಎಳೆದರೆ ಕೆನ್ನೆ ಸೊರಗಿ ಕಂಡಿತು, ಕೆನ್ನೆ ತುಂಬಿಸಿದ. ಕೊನೆಗೆ ಬಂದ ಮುಖ ಎಷ್ಟು ಚೆನ್ನಾಗಿತ್ತೆಂದರೆ ಅವನೇ ಅರೆಗಳಿಗೆ ಅದನ್ನು ನೋಡುತ್ತ ಕೂತಿದ್ದ. ನಿನ್ನೆ ಹೆಡ್ ಮೇಡಂ ಅದನ್ನು ಬೆರಳ ತುದಿಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತ ಚೌಸಿಕುವನ್ನೂ ಫೋಟೊವನ್ನೂ ಎರಡೆರಡು ಸಲ ನೋಡಿ, “ಇದು ಯಾರ ಮಗು ಹೆಮೆದಿ? ಈ ಹುಡುಗಿ ನಮ್ಮ ಶಾಲೇಲಿ ಓದ್ತಿಲ್ವಲ್ಲ,” ಎಂದಿದ್ದರು. ಉಳಿದ ಮೇಡಂಗಳು ಕೆಮ್ಮಿದಂತೆ ನಕ್ಕರು. ಚೌಸಿಕು ಬಂದು ಫೋಟೊ ಇಣುಕಿ ನೋಡಿ, “ಯಾರಪ್ಪಾ ಇದು? ಚೆನ್ನಾಗಿದಾಳೆ,” ಎಂದಳು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತ್ತು ಅವನಿಗೆ.

ಅವನ ದೃಷ್ಟಿಯಲ್ಲಿ ಅದು ಮೋಸವಲ್ಲ, ತಿದ್ದುಪಡಿ. ಮದುವಣಗಿತ್ತಿಯರ ಮೊಡವೆ ಅಳಿಸುವುದಿಲ್ಲವೆ? ಸತ್ತ ಅಜ್ಜನಿಗೆ ಕೋಟು ತೊಡಿಸುವುದಿಲ್ಲವೆ? ಆದರೆ ನಿನ್ನೆ ಶಾಲೆಯಿಂದ ಬಂದವನು ಸುಮ್ಮನಿರಲಾರದೆ ಅವಳ ಈದ್ ಫೋಟೊಗಳನ್ನೆಲ್ಲ ತೆರೆದು ಸಾಲಾಗಿ ಜೋಡಿಸಿದ. ಪ್ರತಿ ಈದ್‌ಗೂ ಅದೇ ಸ್ಟೂಲು, ಅದೇ ನೀಲಿ ಬಟ್ಟೆ. ಮೊದಲನೆಯದರಲ್ಲಿ ಗುಂಡು ಮುಖದ ಕೂಸು, ತನ್ನದೇ ಅಚ್ಚು. ಎಲ್ಲರೂ ಹೆಮೆದಿಯ ಮುಖ ಹೊತ್ತು ಬಂದಿದ್ದಾಳೆ ಅಂದವರೇ. ಮೂರನೆಯದರಿಂದ ಬಾಯಿ ತೆರೆಯತೊಡಗಿತ್ತು. ಆಮೇಲೆ ಒಂದೊಂದರಲ್ಲೂ ಮುಖ ಕೊಂಚ ಕೊಂಚ ಕೆಳಕ್ಕೆ ಇಳಿದಿತ್ತು, ಹಗ್ಗದ ಮೇಲೆ ಹಾಕಿದ ಒದ್ದೆ ಬಟ್ಟೆ ತನ್ನ ಭಾರಕ್ಕೆ ತಾನೇ ಜೋಲುವ ಹಾಗೆ. ಕಣ್ಣ ಕೆಳಗೆ ಕಪ್ಪು. ಮೇಲಿನ ಹಲ್ಲುಗಳು ಒಂದರ ಹೆಗಲ ಮೇಲೆ ಒಂದು ಹತ್ತಿ ನಿಂತಿದ್ದವು, ಗದ್ದ ನಾಚಿ ಹಿಂದೆ ಸರಿದಿತ್ತು. ದಿನವೂ ನೋಡುವ ಮುಖ, ದಿನವೂ ಗದರಿದ ಮುಖ. ಫೋಟೊ ತೆಗೆಯುವುದೇ ಹೊಟ್ಟೆಪಾಡಾದವನಿಗೆ ಇದು ಕಾಣಲಿಲ್ಲ ಅಂದರೆ ಏನರ್ಥ? ಕಂಡಿತ್ತು. ಕಂಡಾಗಲೆಲ್ಲ, ನಿಮ್ಮ ಕಡೆಯವರ ಮುಖ ಎಂದು ಹೆಂಡತಿಯ ತವರಿನ ಮೇಲೆ ಹಾಕಿ ಕೈ ತೊಳೆದುಕೊಂಡಿದ್ದ.

ಹಿದಾಯಾ ಅದಕ್ಕೆ ಜಗಳವಾಡಿರಲಿಲ್ಲ. ತನ್ನ ಅಣ್ಣತಮ್ಮಂದಿರ ಫೋಟೊ ತಂದು ಅವನ ಮೇಜಿನ ಮೇಲಿಟ್ಟು ಹೋಗಿದ್ದಳು, ಎಲ್ಲರದ್ದೂ ಚೌಕ ದವಡೆ, ಕಲ್ಲು ಕಡಿಯುವಂಥದ್ದು. ಕಳೆದ ವಾರ ಅವನಿಗೆ ಹೇಳದೆಯೇ ಮಗಳನ್ನು ಕರೆದುಕೊಂಡು ದೊಡ್ಡ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ಮೂಗಿನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದಳು. ಸಂಜೆ ಗುಳಿಯಪ್ಪದ ಹಂಚಿನ ಮುಂದೆ ಕೂತು, ಹಿಟ್ಟು ಹುಯ್ಯುತ್ತಲೇ ಹೇಳಿದಳು: “ಮೂಗಿನ ಹಿಂದೆ ಮಾಂಸ ಬೆಳೆದಿದೆಯಂತೆ. ಬಾಗಿಲಿಗೆ ಅಡ್ಡ ಮೂಟೆ ಇಟ್ಟ ಹಾಗೆ. ಗಾಳಿ ಹೋಗೋಕೆ ದಾರಿ ಇಲ್ಲದೆ ಇವಳು ಬಾಯಿ ತೆಗೀತಾಳೆ. ಬಾಯಿ ತೆಗೆದ್ರೆ ನಾಲಿಗೆ ಕೆಳಗೆ ಬಿದ್ದಿರುತ್ತೆ. ಮಕ್ಕಳ ಮೇಲ್ದವಡೆ ಇದೆಯಲ್ಲ, ಅದು ಈ ಹಿಟ್ಟಿನ ಹಾಗೆ. ಈ ಗುಳಿ ಹೆಂಗಿದ್ಯೋ ಹಂಗೆ ಅಪ್ಪ ಏಳುತ್ತೆ. ನಾಲಿಗೆ ಅಂಗುಳಕ್ಕೆ ಒತ್ತಿಕೊಂಡಿದ್ರೆ ದವಡೆ ಅಗಲಕ್ಕೆ ಬೆಳೆಯುತ್ತೆ. ಇಲ್ದಿದ್ರೆ ಇಕ್ಕಟ್ಟಾಗಿ ಮೇಲಕ್ಕೇರುತ್ತೆ. ಹಲ್ಲಿಗೆ ಜಾಗ ಇಲ್ಲ, ಗದ್ದ ಮುಂದಕ್ಕೆ ಬರಲ್ಲ, ಮುಖ ಉದ್ದ ಆಗ್ತಾ ಹೋಗುತ್ತೆ.”

“ಮುಖ ಕೊಡೋನು ದೇವರು. ನಿನ್ನ ಡಾಕ್ಟರಮ್ಮ ನಾಲಿಗೆ ಕೊಡುತ್ತೆ ಅಂತಾಳಾ?”

“ದೇವರು ಕೊಟ್ಟಿದ್ದನ್ನ ನೀವು ಕಂಪ್ಯೂಟರಲ್ಲಿ ತಿದ್ದಲ್ವಾ?” ಎಂದು ಅಪ್ಪ ತಿರುವಿ ಹಾಕಿದಳು. “ಆ ಮಾಂಸ ತೆಗೆಸಬೇಕಂತೆ. ಆದಷ್ಟು ಬೇಗ. ಮೂಳೆ ಎಳೆಯದಾಗಿರುವಾಗಲೇ. ಆದ ಮುಖ ಪೂರ್ತಿ ಹಿಂದಕ್ಕೆ ಬರುತ್ತೆ ಅಂತ ನಾನು ಮಾತು ಕೊಡಲ್ಲ, ಆದ್ರೆ ಇನ್ನೂ ಹೋಗೋದನ್ನ ತಡೀಬಹುದು ಅಂದ್ರು. ನಿಮ್ಮ ಒಪ್ಪಿಗೆ ಬೇಕಂತೆ. ಸೋಮವಾರ ಇಬ್ರೂ ಬನ್ನಿ ಅಂದಿದಾರೆ.”

ನೋಡೋಣ ಎಂದಿದ್ದ. ನೋಡೋಣ ಎನ್ನುವುದು ಹೆಮೆದಿಯ ಇನ್ನೊಂದು ನಿತ್ಯದ ಮಾತು. ನೋಡುತ್ತಿರುವಾಗಲೇ ನಿನ್ನೆ ಸಂಜೆಯ ಬಸ್ಸಿನಲ್ಲಿ ಸೋನಿ ಎಂಬ ಬೆಟ್ಟದೂರಿನಿಂದ ಅವನ ತಾಯಿ ಬೀ ತಾಬು ಇಳಿದು ಬಂದಳು. ಒಂದು ಕೈಯಲ್ಲಿ ಪೇರು ಹಣ್ಣಿನ ಬುಟ್ಟಿ, ಹಿಂದೆ ಬಾಬು ಕಿಂಗಾಜಿ. ಕಿರುನಾಲಿಗೆ ಕೊಯ್ಯುವುದರಲ್ಲಿ ಬೆಟ್ಟದ ಮೇಲೆಲ್ಲ ಹೆಸರಾದ ಮುದುಕ. ಕೆಮ್ಮು ನಿಲ್ಲದ ಮಗು, ಹಾಲು ಕಕ್ಕುವ ಮಗು, ಸೊರಗುವ ಮಗು, ಬಾಯಿ ತೆರೆದು ಮಲಗುವ ಮಗು, ಎಲ್ಲಕ್ಕೂ ಕಿರುನಾಲಿಗೆ ಉದ್ದವಾಗಿರುವುದೇ ಕಾರಣ, ಎಲ್ಲಕ್ಕೂ ಬಾಬುವಿನ ಬಾಗಿದ ಕತ್ತಿಯೇ ಮದ್ದು. ತಾಯಿ ಮೊಮ್ಮಗಳನ್ನು ದೀಪದ ಕೆಳಗೆ ನಿಲ್ಲಿಸಿ, “ಏ ಸವತಿ, ಆ ಅನ್ನು,” ಎಂದಳು. ಮೊಮ್ಮಗಳನ್ನು ಸವತಿ ಎನ್ನದ ಅಜ್ಜಿ ಆ ಕಡೆ ಯಾರೂ ಇಲ್ಲ. “ನನ್ನ ಗಂಡನ್ನ ಕಿತ್ಕೊಳ್ಳೋಕೆ ಬಂದೋಳು ಹಿಂಗೆ ಬಾಯಿ ಬಿಟ್ಕೊಂಡಿದ್ರೆ ಅವನು ಗೋರಿಯಿಂದ ಎದ್ದು ಓಡ್ತಾನೆ ಕಣೇ.” ಚೌಸಿಕು ಕಿಲಕಿಲ ನಕ್ಕಳು. ಅಜ್ಜಿಯ ಮುಂದೆ ಮಾತ್ರ ಅವಳಿಗೆ ನಗು ಬರುತ್ತಿತ್ತು. ಬಾಬು ಬಗ್ಗಿ ನೋಡಿ, ಹುಲ್ಲು ಮತ್ತೆ ಚಿಗುರಿದೆ ಎನ್ನುವ ತೋಟದವನಂತೆ ತಲೆಯಾಡಿಸಿದ. “ಬೆಳ್ಕೊಂಡುಬಿಟ್ಟಿದೆ. ಬೇರು ಉಳಿದಿತ್ತು. ಅವತ್ತು ಮಗು ಒದ್ದಾಡ್ತು. ಹಿಡ್ಕೊಂಡವರು ಗಟ್ಟಿಯಾಗಿ ಹಿಡ್ಕೊಂಡಿರ್ಲಿಲ್ಲ.”

ಹಿಡಿದುಕೊಂಡವನು ಹೆಮೆದಿ. ಆಗ ಅವಳಿಗೆ ಎರಡು ವರ್ಷ. ಸೋನಿಯ ಮನೆಯ ಅಂಗಳದಲ್ಲಿ ಚಾಪೆಯ ಮೇಲೆ ಕೂತು ಅವಳ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಅದುಮಿ, ಹೆಬ್ಬೆರಳನ್ನು ಹಲ್ಲುಗಳ ನಡುವೆ ತೂರಿಸಿ ಬಾಯಿ ಅಗಲಿಸಿ ಹಿಡಿದಿದ್ದ. ಅವಳು ಕಚ್ಚಿದಳು, ಅವನು ಬಿಡಲಿಲ್ಲ. ಇನ್ನು ಎಷ್ಟು ಗಟ್ಟಿಯಾಗಿ ಹಿಡಿಯಬೇಕಿತ್ತು ಈ ಮುದುಕನಿಗೆ? ಮಗುವಿನ ಕಣ್ಣು ತಲೆಕೆಳಗಾಗಿ ಅವನನ್ನೇ ನೋಡುತ್ತಿತ್ತು, ಬೇರೆಯವರು ತನಗೇನೋ ಮಾಡುತ್ತಿದ್ದಾರೆ, ಅಪ್ಪ ಬಿಡಿಸುತ್ತಾನೆ ಎನ್ನುವ ಹಾಗೆ. ಆಮೇಲೆ ಬಾಬು ಚಮಚದ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಮಾಂಸ ತೋರಿಸಿದ, ತಾಯಿ ಅಲ್‌ಹಮ್ದುಲಿಲ್ಲಾ ಎಂದಳು, ಮಗು ಹೆಮೆದಿಯ ಬಿಳಿ ನಿಲುವಂಗಿಯ ಮೇಲೆ ರಕ್ತ ಉಗುಳಿತು. ವಾರಗಟ್ಟಲೆ ಗಂಟಲು ಬೆಂದು ಗಂಜಿ ಕೂಡ ನುಂಗಲಿಲ್ಲ. ಬಾಯಿ ಮಾತ್ರ ಮುಚ್ಚಲಿಲ್ಲ. ಆದರೂ ನಿನ್ನೆ ಸಂಜೆ ಆ ಇಬ್ಬರ ಮುಂದೆ ಅವನು ಹೇಳಿದ್ದು ನೋಡೋಣ ಎಂದೇ. ಮಧ್ಯಾಹ್ನದ ನಮಾಜಿನ ನಂತರ ಎಂದು ಅವರೇ ಗೊತ್ತುಮಾಡಿಕೊಂಡರು. ಬೆಳಿಗ್ಗೆ ಹಿದಾಯಾ ಅಪ್ಪದ ಬುಟ್ಟಿ ತಲೆಗೇರಿಸಿಕೊಂಡು ಹೊರಡುವಾಗ ಹೊಸಲಲ್ಲಿ ನಿಂತು, “ಚೌಸಿಕು ಅಪ್ಪಾ, ನಾನು ಆಡೋದೆಲ್ಲ ಆಡಾಯ್ತು. ಅವರು ನಿಮ್ಮಮ್ಮ. ಅವರಿಗೆ ಬೇಡ ಅನ್ನಬೇಕಾದೋರು ನೀವು. ಇವತ್ತು ಇನ್ನೊಂದ್ಸಲ ಆ ಕತ್ತಿ ಇವಳ ಗಂಟಲಿಗೆ ಇಳಿದ್ರೆ ನಾನು ಇವಳನ್ನ ಕರ್ಕೊಂಡು ನಮ್ಮಣ್ಣನ ಮನೆಗೆ ಹೋಗ್ತೀನಿ. ವಲ್ಲಾಹಿ, ದೇವರಾಣೆ, ಹೋಗ್ತೀನಿ,” ಎಂದಿದ್ದಳು. ಕೂಗಾಡಿದ್ದರೆ ವಾಸಿಯಿತ್ತು. ಅತ್ತ ದರಿ, ಇತ್ತ ಪುಲಿ, ನಡುವೆ ಈ ತೆರೆದ ಬಾಯಿ.

ಈ ಹುಡುಗಿ ತುಟಿ ಕೂಡಿಸಿಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು ಅನ್ನುವುದೇ ಅವನ ಸಂಕಟ. ಕತ್ತಿಯೂ ಬೇಡ, ಆಸ್ಪತ್ರೆಯೂ ಬೇಡ, ತಾಯಿಗೂ ಹೆಂಡತಿಗೂ ಉತ್ತರ ಕೊಡುವುದೂ ಬೇಡ. ಎರಡು ತುಟಿ. ಕೂಸುಗಳೂ ಮಾಡುತ್ತವೆ, ಮೇಕೆಗಳೂ ಮಾಡುತ್ತವೆ. ಸೋಮಾರಿತನ, ಮೊಂಡುತನ, ಅಪ್ಪನನ್ನು ಊರ ಮುಂದೆ ನಗೆಪಾಟಲು ಮಾಡುವ ಹಟ. ಶಾಲೆಯಲ್ಲಿ ಇವಳನ್ನು ಮೀನು ಎನ್ನುತ್ತಾರೆಂದು ಗೊತ್ತಾದಾಗಲೂ ಅವನಿಗೆ ಮೊದಲು ಸಿಟ್ಟು ಬಂದದ್ದು ಇವಳ ಮೇಲೆಯೇ. ಮತ್ತೇನನ್ನುತ್ತಾರೆ? ಕ್ಯಾಮೆರಾದಲ್ಲಿ ಕಣ್ಣಿಟ್ಟು, “ಮುಚ್ಚು. ನಾನು ಹೇಳೋವರೆಗೂ ತೆಗೀಬಾರ್ದು,” ಎಂದ. ಮುಚ್ಚಿದಳು. ಭುಜಗಳು ಮೇಲೇರಿದವು, ಕಣ್ಣು ಅಗಲವಾಯಿತು. ಭುಜ ಇಳಿಸು ಎಂದ, ಇಳಿಸಿದಳು. ಕಾಲರು ಸೊಟ್ಟಗಿತ್ತು, ಹೋಗಿ ಸರಿಮಾಡಿದ. ಮರಳಿ ಬಂದು ಗಾಜಿನ ಉಂಗುರ ತಿರುಗಿಸಿ ಅವಳ ಕಣ್ಣುಗಳನ್ನು ಸ್ಪಷ್ಟ ಮಾಡಿಕೊಳ್ಳುತ್ತಿರುವಾಗ ಆ ಕಣ್ಣುಗಳಲ್ಲಿ ನೀರು ತುಂಬುತ್ತಿರುವುದು ಕಂಡಿತು. ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ ಬಾಯಿ ಭುಗ್ಗೆಂದು ತೆರೆದು ಅವಳು ಏದುಸಿರು ಬಿಟ್ಟಳು.

“ಥೂ! ಒಂದು ನಿಮಿಷ ಇರೋಕಾಗಲ್ವಾ ನಿಂಗೆ?”

“ಬೇಗ ತೆಗಿ ಅಪ್ಪಾ.”

“ಬೇಗ ಅಂದ್ರೆ? ನನಗೆ ಕೆಲಸ ಹೇಳಿಕೊಡ್ತೀಯಾ?”

ಪರದೆಯಾಚೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಹೆಂಗಸೊಬ್ಬಳು ನಕ್ಕಳು. ಮೀನು ಮಾರುಕಟ್ಟೆಯವಳು, ಧಾರಾಳ ಮೈ, ಅದಕ್ಕಿಂತ ಧಾರಾಳ ಬಾಯಿ. “ನಿನ್ನ ಮಗಳ ಬಾಯೇ ಮುಚ್ಚಿಸೋಕಾಗದೋನು ನಂದು ಮುಚ್ಚಿಸ್ತೀಯೇನಪ್ಪಾ? ನನ್ನ ಗಂಡ ಇಪ್ಪತ್ತು ವರ್ಷದಿಂದ ಒದ್ದಾಡ್ತಿದ್ದಾನೆ.” ಹೆಮೆದಿಯ ಕಿವಿ ಬಿಸಿಯಾಯಿತು. ಮೊದಲು ಅವಳದ್ದು ಮುಗಿಸಿಬಿಡುತ್ತೇನೆಂದು ಮಗಳನ್ನು ಮೂಲೆಗೆ ಸರಿಸಿ ಅವಳನ್ನು ಕೂರಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಂಥ ಬಾಯಿ ಕೂಡ ಕ್ಯಾಮೆರಾದ ಮುಂದೆ ಸುಮ್ಮನೆ ಮುಚ್ಚಿಕೊಂಡಿತು. ಚೌಸಿಕು ಮೂಲೆಯಿಂದ ಆ ಹೆಂಗಸನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬಂದ ಮುಖಗಳನ್ನು ಕತ್ತರಿಸಿ ಕೊಟ್ಟು ಕಳಿಸಿದ ಮೇಲೆ ಅವನು ಮಗಳನ್ನು ಮತ್ತೆ ಸ್ಟೂಲಿಗೆ ಎಳೆದ. ಈ ಸಲ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದ, ತಾನಾಗಿ ತೆಗೆಯುವಂತೆ ಗುಂಡಿ ಒತ್ತಿದ, ಅದು ಕೀಕ್ ಕೀಕ್ ಎನ್ನುತ್ತಿರುವಾಗ ಅವಳ ಪಕ್ಕಕ್ಕೆ ಬಂದು ಹೆಬ್ಬೆರಳನ್ನು ಗದ್ದದ ಕೆಳಗೆ, ಉಳಿದ ಬೆರಳುಗಳನ್ನು ತುಟಿಗಳ ಮೇಲೆ ಇಟ್ಟು ಅದುಮಿ ಹಿಡಿದ. ಕೊನೆಯ ಗಳಿಗೆಯಲ್ಲಿ ಕೈ ತೆಗೆದುಬಿಡಬೇಕು, ಅಷ್ಟೇ. ಎಂಥ ಪೆದ್ದ, ಇದು ಮೊದಲೇ ಹೊಳೆಯಲಿಲ್ಲವಲ್ಲ. ಅವನ ಅಂಗೈಯೊಳಗೆ ಅವಳ ದವಡೆ ಮರಿಹಕ್ಕಿಯ ಹಾಗೆ ಸಣ್ಣದಾಗಿ, ಚೂಪಾಗಿ ಇತ್ತು. ಅವಳು ತಲೆ ಕೊಡವಲಿಲ್ಲ. ಕೊಡವಿದ್ದರೆ ಇನ್ನೂ ಅದುಮುತ್ತಿದ್ದನೇನೋ. ಎರಡೂ ಕೈಗಳಿಂದ ಅವನ ಮಣಿಕಟ್ಟನ್ನು ಹಿಡಿದು, ತಲೆ ಮೇಲೆತ್ತಿ ಅವನನ್ನು ನೋಡಿದಳು, ಬೇರೆಯವರು ತನಗೇನೋ ಮಾಡುತ್ತಿದ್ದಾರೆ, ಅಪ್ಪ ಬಿಡಿಸುತ್ತಾನೆ ಎನ್ನುವ ಹಾಗೆ. ಕ್ಯಾಮೆರಾ ಟಕ್ಕೆಂದಿತು. ಅವನ ಹೆಬ್ಬೆರಳು ಇನ್ನೂ ಅಲ್ಲೇ ಇತ್ತು.

ಕೈ ತೆಗೆದ. ಅವಳು ಮುಂದಕ್ಕೆ ಬಾಗಿ ಎದೆಯಲ್ಲಿ ಸೀಟಿ ಊದಿದ ಹಾಗೆ ಉಸಿರೆಳೆದುಕೊಂಡಳು. ಅಳಲಿಲ್ಲ. ಅತ್ತಿದ್ದರೆ ಗದರಿ ತಪ್ಪಿಸಿಕೊಳ್ಳಬಹುದಿತ್ತು. ಏನೂ ತೋಚದೆ ಅವನು ಕ್ಯಾಮೆರಾದ ಹತ್ತಿರ ಹೋಗಿ, ಲೆನ್ಸಿನ ಮುಂದಿನ ಕಾಪಿನ ಗಾಜನ್ನು ತಿರುಗಿಸಿ ಬಿಚ್ಚಿದ. ಕೈಗೆ ಕೆಲಸ ಬೇಕಾದಾಗ ಅವನು ಮಾಡುವುದು ಇದನ್ನೇ. ಗಾಜಿನ ಮೇಲೆ ಹಾ ಎಂದು ಊದಿದ, ಮಂಜು ಕಟ್ಟಿತು, ಅಂಗಿಯ ಅಂಚಿನಿಂದ ಒರೆಸಿದ. ಮತ್ತೆ ಊದಿ ಒರೆಸಿದ. ಹಾಗೆ ಒರೆಸುತ್ತಿರುವಾಗಲೇ ಸಿಟ್ಟು ಮತ್ತೆ ದಾರಿ ಹುಡುಕಿಕೊಂಡಿತು. ಮೂಗಿರುವುದು ಯಾತಕ್ಕೆ? ಮೂಟೆ ಅಡ್ಡ ಇದೆಯಂತೆ, ಮೂಟೆ! ಸುಳ್ಳನ್ನು ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? “ತಲೆ ಎತ್ತು,” ಎಂದು ಗಾಜನ್ನು ಅವಳ ಮೂಗಿನ ಕೆಳಗೆ ಹಿಡಿದ. “ಬಾಯಿ ಮುಚ್ಚಿ ಮೂಗಿಂದ ಬಿಡು. ನೋಡಿಯೇಬಿಡೋಣ.”

“ಏನು ಬಿಡಬೇಕು?”

“ಉಸಿರು! ಇನ್ನೇನು?”

ಅವಳು ತುಟಿ ಕೂಡಿಸಿ ಏನನ್ನೋ ದೂಡುವವಳಂತೆ ತಿಣುಕಿದಳು. ಕುತ್ತಿಗೆಯ ನರ ಉಬ್ಬಿತು, ಕೆನ್ನೆ ಉಬ್ಬಿತು. ಗಾಜು ಈಗಷ್ಟೇ ಒರೆಸಿಟ್ಟ ಹಾಗೆ ಇತ್ತು. ಅದರೊಳಗಿಂದ ಅವನ ಬೆರಳುಗಳ ಗೆರೆ ಕೂಡ ಕಾಣುತ್ತಿತ್ತು. ಗಾಜು ಬೆಚ್ಚಗಾಗಿದೆಯೇನೋ ಎಂದು ಅದನ್ನು ತನ್ನ ಮೂಗಿಗೆ ಹಿಡಿದ. ಎರಡು ಬಿಳಿ ಚುಕ್ಕೆ ಕೂತು ಮಾಯವಾದವು. ಎಷ್ಟು ಸಲೀಸು. ಬೇಕೆಂದು ಮಾಡಿದ್ದೂ ಅಲ್ಲ. ಮತ್ತೆ ಒರೆಸಿ ಅವಳಿಗೆ ಹಿಡಿದ. “ಇನ್ನೊಂದ್ಸಲ, ಪುಟ್ಟಿ,” ಎಂದ. ಪುಟ್ಟಿ ಎಂದದ್ದು ಇಬ್ಬರಿಗೂ ಹೊಸದಾಗಿ ಕೇಳಿಸಿತು. ಅವಳು ಕಣ್ಣು ಮುಚ್ಚಿ, ಅಪ್ಪನ ಮಾತು ನಡೆಸಲೇಬೇಕೆಂದು ಮೈಯೆಲ್ಲ ಬಿಗಿಹಿಡಿದು ನೂಕಿದಳು. ಏನೂ ಇಲ್ಲ. ಇನ್ನೂ ಏನೂ ಇಲ್ಲ. ಆಮೇಲೆ ತಡೆಯಲಾಗದೆ ಬಾಯಿ ತೆರೆದಳು, ಇಡೀ ಗಾಜು ಒಮ್ಮೆಗೇ ಬೆಳ್ಳಗಾಗಿ ಅವಳ ಮುಖ ಕಾಣದಂತಾಯಿತು.

ಆಗ ಬಾಗಿಲಲ್ಲಿ ತಾಯಿಯ ದನಿ ಕೇಳಿಸಿತು. “ಎಲ್ಲಿ ನನ್ನ ಸವತಿ? ಅರ್ಧ ದಿನದಿಂದ ಹುಡುಕ್ತಿದೀನಿ. ಸಿಂಗಾರ ಮಾಡ್ಕೊಂಡು ಫೋಟೊ ತೆಗೆಸ್ಕೊಳ್ತಾ ಕೂತಿದಾಳೆ ಇವಳು!” ನಮಾಜು ಮುಗಿದಿತ್ತು. ಅವಳ ಹಿಂದೆ ಬಾಬು ಕಿಂಗಾಜಿ, ಕಂಕುಳಲ್ಲಿ ಬಟ್ಟೆಯ ಗಂಟು. ಚೌಸಿಕು ಇಳಿದು ಹೋಗಿ ಮುದುಕನಿಗೆ ಶಿಕಮೋ ಎಂದು ನಮಸ್ಕರಿಸಿದಳು. ಅವನು ಮರಹಬಾ ಎಂದು ಹರಸಿ ಅವಳ ತಲೆಯ ಮೇಲೆ ಕೈಯಿಟ್ಟು, ಹಾಗೆಯೇ ಎರಡು ಬೆರಳಿನಿಂದ ದವಡೆಯನ್ನು ಮೇಲೆತ್ತಿ ಬೆಳಕಿಗೆ ತಿರುಗಿಸಿದ. ಮಾರುಕಟ್ಟೆಯಲ್ಲಿ ಹೋತದ ಬಾಯಿ ನೋಡುವ ಹಾಗೆ. ಹುಡುಗಿ ತಾನಾಗಿಯೇ ಬಾಯಿ ಅಗಲಿಸಿ ನಿಂತಳು. ಎಷ್ಟು ಜನರ ಕೈ ಈ ದವಡೆಯ ಮೇಲೆ ಎಂದು ಹೆಮೆದಿಗೆ ಅಸಹ್ಯವಾಯಿತು. ಆ ಬೆರಳುಗಳ ಗುರುತಿನ ಪಕ್ಕದಲ್ಲೇ ತನ್ನ ಬೆರಳುಗಳ ಗುರುತು ಇನ್ನೂ ಆರದೆ ಕೆಂಪಗಿತ್ತು.

“ಅಮ್ಮಾ, ಇಲ್ಲಿ ಬಾ,” ಎಂದ. “ಈ ಗಾಜಿನ ಮೇಲೆ ಮೂಗಿಂದ ಉಸಿರು ಬಿಡು.”

“ನನಗ್ಯಾಕೋ? ನಾನೇನು ಮದುವಣಗಿತ್ತಿಯಾ?” ಎನ್ನುತ್ತಲೇ ಬಿಟ್ಟಳು. ಎರಡು ಬಿಳಿ ಚುಕ್ಕೆ. ಒರೆಸಿ ಚೌಸಿಕುವಿನ ಮೂಗಿಗೆ ಹಿಡಿದ. ಚೌಸಿಕು ಮತ್ತೆ ತಿಣುಕಿದಳು. ಏನೂ ಇಲ್ಲ. “ನೋಡಿದ್ಯಾ? ಮೂಗು ಕಟ್ಟಿದೆ ಅಮ್ಮಾ. ಒಳಗಿಂದ ಕಟ್ಟಿದೆ. ಗಂಟಲಲ್ಲಿ ಏನೂ ಇಲ್ಲ.”

ಬೀ ತಾಬು ಗಾಜನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿದಳು. “ನಿನ್ನ ಗಾಜು ಕೆಟ್ಟಿದೆ,” ಎಂದಳು.

“ನಿಂಗೆ ಕೆಡಲಿಲ್ಲ, ನಂಗೆ ಕೆಡಲಿಲ್ಲ, ಇವಳಿಗೆ ಮಾತ್ರ ಕೆಡ್ತಾ?”

“ಕಿರುನಾಲಿಗೆ ಉದ್ದ ಆದಾಗ ಉಸಿರು ಮೂಗಿಗೆ ಹೋಗದೆ ಕೆಳಗೇ ಉಳಿಯುತ್ತೆ. ಅಲ್ವಾ ಬಾಬು?” ಬಾಬು ಅಲ್ಲವೆ ಮತ್ತೆ ಎನ್ನುವಂತೆ ಗಂಟು ಬಿಚ್ಚತೊಡಗಿದ. “ನೋಡು, ಗೊತ್ತಿರೋರೇ ಹೇಳ್ತಿದಾರೆ. ಅವತ್ತು ನೀನು ಸರಿಯಾಗಿ ಹಿಡಿದಿದ್ರೆ ಇವತ್ತು ಈ ಮುದುಕರನ್ನ ಬೆಟ್ಟ ಇಳಿಸೋ ಕೆಲಸ ಇರ್ತಿರಲಿಲ್ಲ. ನಿನಗೂ ನಿನ್ನ ಅಪ್ಪನ ಕೈಯೇ, ಬೆಣ್ಣೆ ಕೈ. ಬಾರೇ ಸವತಿ. ಇವನು ಬೇಡ, ಈ ಸಲ ನಾನೇ ಹಿಡ್ಕೊಳ್ತೀನಿ.”

ಚೌಸಿಕು ಅಜ್ಜಿಯ ಕೈ ಹಿಡಿದಳು. ಹಿಡಿದುಕೊಂಡು ಅಪ್ಪನತ್ತ ತಿರುಗಿದಳು. ಅವಳಿಗೆ ಎಲ್ಲ ಗೊತ್ತಿತ್ತು ಅನ್ನುವುದು ಆಗ ಹೆಮೆದಿಗೆ ಕಂಡಿತು. ಗಂಟಿನಲ್ಲಿ ಏನಿದೆಯೆಂದು ಗೊತ್ತಿದ್ದೂ ಅವಳು ಹೊರಟಿದ್ದಳು. ಬೇಡ ಎನ್ನುವುದು ಆ ಮನೆಯಲ್ಲಿ ಯಾರಿಗೂ ಬರದ ಮಾತು. ಅಮ್ಮಾ ಬೇಡ, ಸೋಮವಾರ ಆಸ್ಪತ್ರೆಗೆ ಹೋಗ್ತಿದೀವಿ ಎಂದು ಮೆಲ್ಲಗೆ, ಮರ್ಯಾದೆಯಿಂದ ಹೇಳಬೇಕೆಂದು ಅವನು ತುಟಿ ತೆರೆದ. ಹೇಳಿಯೂ ಹೇಳಿದ. ತಾಯಿ ಅದನ್ನು ನೊಣದ ಹಾಗೆ ಕೈಬೀಸಿ ಓಡಿಸಿ, ಆಸ್ಪತ್ರೆಯಲ್ಲಿ ಕೊಯ್ಯಿಸಿಕೊಂಡು ಸತ್ತವರು, ಸೊಸೆಯ ಮಾತು ಕೇಳಿ ಕೆಟ್ಟವರು, ಎಂದು ಹೆಸರು ಹಿಡಿದು ಎಣಿಸುತ್ತಲೇ ಮೊಮ್ಮಗಳನ್ನು ಬಾಗಿಲಿನತ್ತ ನಡೆಸಿದಳು. ಹೆಮೆದಿಯ ಎದೆಯೊಳಗೆ ಬೆಳಿಗ್ಗೆಯಿಂದ, ಬೆಳಿಗ್ಗೆಯಿಂದಲ್ಲ, ಆ ಚಾಪೆಯ ಮೇಲೆ ಕೂತ ದಿನದಿಂದ ಕಟ್ಟಿಕೊಂಡಿದ್ದು ಒಮ್ಮೆಗೇ ಮೇಲೆ ಬಂತು. ಬಂದಾಗ ಅದಕ್ಕೆ ಸಿಕ್ಕಿದ್ದು ನಾಲಿಗೆಯ ಮೇಲೆ ಯಾವಾಗಲೂ ಸಿದ್ಧವಾಗಿರುತ್ತಿದ್ದ ಆ ಒಂದೇ ಮಾತು.

“ಬಾಯಿ ಮುಚ್ಚು!”

ಬಾಬು ಕಿಂಗಾಜಿಯ ಕೈ ಗಂಟಿನ ಮೇಲೆಯೇ ನಿಂತಿತು. ಹೊರಗೆ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನು ಒಳಗೆ ನೋಡಿ, ನೋಡಬಾರದಿತ್ತೆಂಬಂತೆ ಮುಂದೆ ಹೋದ. ಹೆತ್ತವಳಿಗೆ ಅಂಥ ಮಾತು ಹೇಳಿದವನನ್ನು ಹೆಮೆದಿ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಕ್ಷಮೆ ಕೇಳಬೇಕು ಅನ್ನಿಸಿತು, ಕೇಳಿದರೆ ಎಲ್ಲ ಮೊದಲಿನಂತಾಗುತ್ತದೆ, ಮೊದಲಿನಂತಾದರೆ ಗಂಟು ಬಿಚ್ಚಿಕೊಳ್ಳುತ್ತದೆ. ಕೇಳಲಿಲ್ಲ. ಹೋಗಿ ಚೌಸಿಕುವಿನ ಕೈಯನ್ನು ತಾಯಿಯ ಕೈಯಿಂದ ಬಿಡಿಸಿಕೊಂಡ. “ಬಾಬು, ನೀವು ದೊಡ್ಡವರು. ಹೊರಡಿ. ಇವಳನ್ನ ಯಾರೂ ಮುಟ್ಟೋ ಹಾಗಿಲ್ಲ,” ಎಂದ. ಮುದುಕ ಏನನ್ನೋ ಗೊಣಗುತ್ತ, ಗಂಟನ್ನು ಮತ್ತೆ ಬಿಗಿದು ಕಂಕುಳಿಗೆ ಏರಿಸಿಕೊಂಡು, ಬೀ ತಾಬುವಿನ ಕಡೆಗೂ ನೋಡದೆ ಬೀದಿಗಿಳಿದ. ಬೀ ತಾಬು ಹಿಂಬಾಲಿಸಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕೂತು, ಮೈಮೇಲಿನ ಬಣ್ಣದ ಬಟ್ಟೆಯನ್ನು ತಲೆತುಂಬ ಎಳೆದುಕೊಂಡು, ಮಗ ಹೇಳಿದ ಹಾಗೆಯೇ ಬಾಯಿ ಮುಚ್ಚಿದಳು. ಇನ್ನು ಈ ಜನ್ಮದಲ್ಲಿ ತೆರೆಯುವುದಿಲ್ಲ ಎನ್ನುವಂತೆ ತುಟಿಗಳನ್ನು ಬಿಗಿದು, ನೇರ ಎದುರು ಗೋಡೆ ನೋಡುತ್ತ ಕೂತಳು. ಕೂತೇ ಇದ್ದಳು.

ಹೆಮೆದಿ ಕಿಟಕಿ ತೆರೆದ. ಗಾಳಿಗೆ ನೀಲಿ ಬಟ್ಟೆ ಉಬ್ಬಿ ಇಳಿಯಿತು. ಕ್ಯಾಮೆರಾದ ಗಾಜು ಎಲ್ಲಿಟ್ಟೆನೆಂದು ಹುಡುಕುವ ನೆವದಲ್ಲಿ ತಾಯಿಗೆ ಬೆನ್ನು ತಿರುಗಿಸಿ ನಿಂತಿದ್ದಾಗ ಅಂಗಿಯನ್ನು ಯಾರೋ ಜಗ್ಗಿದರು.

“ಅಪ್ಪಾ,” ಎಂದಳು ಚೌಸಿಕು, ಪಿಸುಮಾತಿನಲ್ಲಿ. ಅವಳ ಮುಖ ಗಾಬರಿಯಿಂದ ಬಿಳಚಿಕೊಂಡಿತ್ತು. “ಅಜ್ಜಿಗೆ ಸಾಕು ಅನ್ನು. ಬಾಯಿ ಬಿಡೋಕೆ ಹೇಳು. ಆವಾಗಿಂದ ಹಿಡ್ಕೊಂಡೇ ಇದಾಳೆ. ವಯಸ್ಸಾಗಿದೆ ಅವಳಿಗೆ, ಉಸಿರು ಮುಗಿದುಹೋಗುತ್ತೆ.”

“ಅಜ್ಜಿ ಉಸಿರಾಡ್ತಾ ಇದಾಳೆ ಪುಟ್ಟಿ.”

“ಎಲ್ಲಿ? ಬಾಯಿ ಮುಚ್ಚಿದೆಯಲ್ಲ.” ಗೋಡೆಯ ತುಂಬ ತೂಗುಹಾಕಿದ್ದ ಫೋಟೊಗಳ ಕಡೆ, ನೀಲಿ ಹಿನ್ನೆಲೆಯ ಆ ಮುಚ್ಚಿದ ಬಾಯಿಗಳ ಸಾಲಿನ ಕಡೆ ಕೈ ತೋರಿಸಿದಳು. “ಇವರೆಲ್ಲ ಎಷ್ಟು ಹೊತ್ತಾದ್ರೂ ಹಿಡ್ಕೊಳ್ತಾರೆ, ನಂಗೊತ್ತು. ಆ ಮೀನಿನ ಅಮ್ಮ ಕೂಡ ಹಿಡ್ಕೊಂಡ್ರು. ನಾನೂ ದಿನಾ ಶಾಲೇಲಿ ಕಲೀತಿದೀನಿ, ಆದ್ರೆ ನಂಗಿನ್ನೂ ಅಷ್ಟೊತ್ತು ಬರಲ್ಲ. ಅವರದ್ದೆಲ್ಲ ನೀನು ಬೇಗ ಬೇಗ ತೆಗೀತೀಯಲ್ಲಪ್ಪಾ, ನಂದು ಮಾತ್ರ ಯಾಕೆ ಇಷ್ಟು ನಿಧಾನ ಮಾಡ್ತೀಯಾ?”

ಬೆಂಚಿನ ಮೇಲೆ ಬೀ ತಾಬು ಮೊಮ್ಮಗಳತ್ತ ತಿರುಗಿದಳು, ಬಿಗಿದ ತುಟಿಗಳು ಅವಳಿಗೆ ಅರಿವಿಲ್ಲದೆ ಸಡಿಲಾಗಿ, ಬಾಯಿ ನಿಧಾನವಾಗಿ ತೆರೆದುಕೊಂಡಿತು.

“ಹ್ಞಾ, ಬಿಟ್ಲು,” ಎಂದು ಚೌಸಿಕು ಸಮಾಧಾನದ ಉಸಿರು ಬಿಟ್ಟಳು.